ಪಾರ್ಕಲ್ಲಿ ಪಂದಿ ಅವೇನ್ಲಾ?

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿಗೆ ಹೋದವರಿಗೆ ಗೊತ್ತು: ಮನುಷ್ಯರು ನಾಯಿಗಳನ್ನು ನೋಡಲು ಬಂದಿರುತ್ತಾರೆ, ನಾಯಿಗಳು ನಾಯಿಗಳನ್ನು ಮೂಸಲು ಬಂದಿರುತ್ತವೆ. ನಡುವೆ ನನ್ನಂಥ, ನಾಯಿಯೂ ಇಲ್ಲದ, ನಡಿಗೆಯ ಶಿಸ್ತೂ ಇಲ್ಲದ ಕೆಲವರು ಖಾಲಿ ಬೆಂಚು ಹುಡುಕುತ್ತಿರುತ್ತಾರೆ. ಪಾರ್ಕಿನಲ್ಲಿ ನಾಯಿಗಳ ವಿಹಾರದ ಬಗ್ಗೆ ಒಂದು ಲೇಖನ ಬೇಕು ಎಂದು ಸಂಪಾದಕರು ಕೇಳಿದ್ದರು. ಅಲ್ಲಿ ಮಾತಿಗೆ ಸಿಕ್ಕವರೆಲ್ಲ ಮಾಲೀಕರೇ. ‘ಮಾಲೀಕರು ಅನ್ನಬೇಡಿ, ಪೇರೆಂಟ್ಸ್ ಅನ್ನಿ’ ಎಂದು ಒಬ್ಬರು ತಿದ್ದಿದರು. ತಂದೆತಾಯಿಯರನ್ನು ಕೇಳಿ ಮಕ್ಕಳ ಬಗ್ಗೆ ಬರೆದರೆ ಅದು ಜಾಹೀರಾತಾಗುತ್ತದೆ. ಹಾಗಾಗಿ ಪಾರ್ಕಿನ ಅಂಚಿಗೇ ಇರುವ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋದೆ. ಈ ಊರಿನ ಅತಿ ಹಿರಿಯ ನಾಯಿ ಇರುವುದು ಅಲ್ಲೇ.

ಹೆಸರು ಕಾಳಿ. ವಿಳಾಸ, ಆತಕೂರಿನ ವೀರಗಲ್ಲು. ಕ್ರಿ.ಶ. 949–50ರ ಕಲ್ಲು. ಅದರ ಮೇಲೆ ನಾಯಿಯೊಂದು ಕಾಡುಹಂದಿಯ ಮೇಲೆ ಬಿದ್ದಿದೆ, ಸುತ್ತ ಹಳಗನ್ನಡದ ಬರಹ. ಆತಕೂರು ಇರುವುದು ಮದ್ದೂರು ತಾಲ್ಲೂಕಿನಲ್ಲಿ, ಆದ್ದರಿಂದ ಕಾಳಿಯ ಬಾಯಲ್ಲಿ ಇವತ್ತಿನ ಮಂಡ್ಯದ ಮಾತೇ. ಒಂದು ಪದ ಮಾತ್ರ ಸಾವಿರ ವರ್ಷದಿಂದ ಬದಲಾಗಿಲ್ಲ. ಹಂದಿಗೆ ಅದು ಈಗಲೂ ಶಾಸನದಲ್ಲಿರುವ ಹಾಗೆ ‘ಪಂದಿ’ ಎಂದೇ ಅನ್ನುತ್ತದೆ.

ನಾನು: ನಮಸ್ಕಾರ. ಮೊದಲಿಗೆ ಓದುಗರಿಗೆ ತಮ್ಮ ಪರಿಚಯ...

ಕಾಳಿ: ಕಲ್ಲಲ್ಲೇ ಬರ್ದದಲ್ಲ, ಓದ್ಕೊ. ಓದಕ್ಕೆ ಬರಾಕಿಲ್ವಾ? ಸರಿ, ಯೋಳ್ತೀನಿ ಕೇಳು. ತಕ್ಕೋಲದಲ್ಲಿ ಚೋಳರ ಮ್ಯಾಲೆ ದೊಡ್ಡ ಯುದ್ಧ ಆಯ್ತು. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಒಂದ್ ಕಡೆ. ಚೋಳರ ರಾಜಾದಿತ್ಯ ಇನ್ನೊಂದ್ ಕಡೆ, ಅವ್ನು ಅಲ್ಲೇ ಒಂಟೋದ. ನಮ್ ಯಜಮಾನ ಮಣಲೇರ ಕಾದಾಡಿದ ಪರಿ ಕಂಡು ಅರಸರು ಮೆಚ್ಕಂಡು, ಏನ್ ಬೇಕೋ ಕೇಳ್ಕೊ ಅಂದ್ರು. ಹೊನ್ನು ಕೇಳಬೌದಿತ್ತು, ಆನೆ ಕೇಳಬೌದಿತ್ತು. ‘ಕಾಳೀನ ಕೊಡಿ’ ಅಂದ.

ನಾನು: ಅಂದರೆ ಕನ್ನಡ ನಾಡಿನ ದಾಖಲೆಯಲ್ಲಿರುವ ಹಳೆಯ ‘ಅಡಾಪ್ಷನ್’ ಇದೇ ಇರಬೇಕು.

ಕಾಳಿ: ಅದೇನೋ ಕಾಣೆ. ನಿಮ್ಮೋರು ನಾಯಿ ತರೋದು ಎಂಗೆ?

ನಾನು: ಕೆಲವರು ಬೀದಿಯಿಂದ ತರುತ್ತಾರೆ. ಉಳಿದವರು ಟೀವಿ ನೋಡಿ. ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪಗ್ ನಾಯಿ ಹುಡುಗನ ಹಿಂದೆ ಹಿಂದೆ ಓಡಿತು. ಆಮೇಲೆ ಬೀದಿಗೊಂದು ಪಗ್ಗು.

ಕಾಳಿ: ಆ ಮೂತಿ ಚಪ್ಪಟೆ ಮಾಡ್ಕಂಡಿರೋದಾ? ಅದಕ್ಕೆ ಉಸಿರಾಡಕ್ಕೇ ಆಗಾಕಿಲ್ಲ, ಪಂದಿ ಇಂದೆ ಎಂಗೆ ಓಡ್ತದೆ? ಅಂದಂಗೆ, ಪಾರ್ಕಲ್ಲಿ ಪಂದಿ ಅವೇನ್ಲಾ?

ನಾನು: ಇಲ್ಲ. ಹೆಗ್ಗಣ ಇವೆ.

ಕಾಳಿ: ಅವನ್ನ ಇಡೀತವಾ?

ನಾನು: ಛೆ, ಹಿಡಿದರೆ ಮನೆಯವರು ಡಾಕ್ಟರ ಬಳಿಗೆ ಓಡುತ್ತಾರೆ. ಚೆಂಡು ಹಿಡಿಯುತ್ತವೆ.

ಕಾಳಿ: ಇಡಿದು?

ನಾನು: ತಂದುಕೊಡುತ್ತವೆ.

ಕಾಳಿ: ಆಮ್ಯಾಕೆ?

ನಾನು: ಮತ್ತೆ ಎಸೆಯುತ್ತಾರೆ.

(ಮ್ಯೂಸಿಯಂನಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ.)

ಕಾಳಿ: ಬೇಕಿದ್ರೆ ಯಾಕೆ ಎಸೀತಾರೆ? ಬ್ಯಾಡದಿದ್ರೆ ಯಾಕೆ ತರಿಸ್ಕತಾರೆ?

ನಾನು: ಅದಕ್ಕೆ ವ್ಯಾಯಾಮ ಎನ್ನುತ್ತಾರೆ. ಎಲ್ಲ ನಾಯಿಗಳೂ ಓಡುವುದಿಲ್ಲ ಬಿಡಿ. ಕೆಲವು ಮಗುವಿನ ತಳ್ಳುಗಾಡಿಯಲ್ಲಿ ಕೂತು ಬರುತ್ತವೆ. ಹುಟ್ಟುಹಬ್ಬ ಇದ್ದರೆ ಹುಲ್ಲಿನ ಮೇಲೆ ಚಾಪೆ ಹಾಸಿ, ತಲೆಗೆ ಟೋಪಿ ಕಟ್ಟಿ, ಸಕ್ಕರೆ ಹಾಕದ ಕೇಕ್ ಕತ್ತರಿಸುತ್ತಾರೆ. ಇವತ್ತು ಒಂದು ಹಸ್ಕಿಯನ್ನು ನೋಡಿದೆ. ಸೈಬೀರಿಯಾದ ತಳಿ, ಮೈಮೇಲೆ ಎರಡು ಪದರ ಕೂದಲು. ಹತ್ತು ಗಂಟೆಯ ಬಿಸಿಲಲ್ಲಿ ಪಾಪ ನಗುತ್ತಾ ನಿಂತಿತ್ತು.

ಕಾಳಿ: ನಗ್ತಿತ್ತು ಅಂದವರು ಯಾರು?

ನಾನು: ಎಲ್ಲರೂ. ಫೋಟೋ ತೆಗೆದರು.

ಕಾಳಿ: ಅದು ನಗು ಅಲ್ಲ ಕಣ್ಲಾ, ಸೆಕೆ! ನಿಮಗಾದ್ರೆ ಮೈಯೆಲ್ಲ ಬೆವರು ಬತ್ತದೆ. ನಮಗೆ ಬೆವರೋದು ಪಾದದಲ್ಲಿ ಒಸಿ, ಅಷ್ಟೆಯಾ. ಮಿಕ್ಕಿದ್ ಬಿಸಿಯೆಲ್ಲ ನಾಲಗೆ ಚಾಚ್ಕಂಡು ಏದುಸಿರಲ್ಲೇ ಆಚಿಗೆ ಓಗಬೇಕು. ಬಾಯಿ ಅಗಲ ತೆರ್ಕಂಡು, ನಾಲಗೆ ಪೂರಾ ನ್ಯಾತಾಕಂಡು ನಿಂತದೆ ಅಂದ್ರೆ ‘ಯಜಮಾನಪ್ಪ, ನೆಳ್ಳಿಗೆ ಕರ್ಕಂಡೋಗು’ ಅಂತದೆ. ನೀವು ‘ಸ್ಮೈಲ್ ಮಾಡ್ತದೆ’ ಅಂತ ಇನ್ನೊಂದು ಫೋಟೋ ಒಡೀತೀರಿ. ಕಾಲಿಗೆ ಚಪ್ಪಲಿ ಇರೋರು ನೀವು. ಡಾಂಬರಿನ ಮ್ಯಾಲೆ ಅಂಗೈ ಇಂಬದಿ ಮಡಗಿ ಏಳರವರೆಗೆ ಎಣಿಸಿ ನೋಡು. ಎಣಿಸಕ್ಕಾಗ್ಲಿಲ್ಲ ಅಂದ್ರೆ ಆ ರಸ್ತೆ ನಾಯೀಗೂ ಅಲ್ಲ.

ನಾನು: ಇದನ್ನು ಪಶುವೈದ್ಯರೂ ಹೇಳುತ್ತಾರೆ.

ಕಾಳಿ: ಅವರಿಗೆ ಯೋಳ್ಕೊಟ್ಟೋರು ಯಾರು?

ನಾನು: ಆದರೆ ನಡಿಗೆಯಿಂದ ನಾಯಿಗಳಿಗೆ ಸಂತೋಷವಂತೂ ಇದೆಯಲ್ಲ? ಇಲ್ಲಿ ಬರುವವರು ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುತ್ತಾ ತುಂಬ ಶಿಸ್ತಿನಿಂದ ನಡೆಸುತ್ತಾರೆ.

ಕಾಳಿ: ಕಿಟಕೀಲಿ ನೋಡ್ತಾನೇ ಇರ್ತೀನಿ. ನಾಯಿ ಒಂದು ಮರದ ಬುಡದಲ್ಲಿ ನಿಂತ್ಕತದೆ. ಇವ್ನು ಎಳೀತಾನೆ. ಮುಂದೆ ಇನ್ನೊಂದು ಕಂಬದ ಅತ್ರ ನಿಂತ್ಕತದೆ. ‘ಕಮ್ ಆನ್, ಕಮ್ ಆನ್’ ಅಂತ ಮತ್ತೆ ಎಳೀತಾನೆ. ಆ ಮರದ ಬುಡದಲ್ಲಿ ಏನದೆ ಅಂತ ತಿಳ್ದಿದ್ದೀಯಾ?

ನಾನು: ಮೂತ್ರ.

ಕಾಳಿ: ಶಾಸನ ಕಣ್ಲಾ! ಯಾವನು ಬಂದಿದ್ದ, ಗಂಡೋ ಎಣ್ಣೋ, ಬಂದು ಎಷ್ಟೊತ್ತಾಯ್ತು, ಉಸಾರಾಗಿದ್ನೋ ಇಲ್ವೋ, ಎಲ್ಲ ಅಲ್ಲಿ ಬರ್ದದೆ. ನನ್ ಕಲ್ಲು ಓದಿ ಅಚ್ಚು ಮಾಡಕ್ಕೆ ನಿಮ್ ಪಂಡಿತ್ರಿಗೆ ಒಂಬೈನೂರು ವರ್ಷ ಬೇಕಾಯ್ತು. ಆ ನಾಯಿಗೆ ಒಂದು ನಿಮಿಷ ಕೊಡಾಕಿಲ್ವಾ?

(ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 60 ಲಕ್ಷ, ನಾಯಿಗೆ 30 ಕೋಟಿವರೆಗೂ ಇರಬಹುದು ಎಂದು ಓದಿದ್ದೆ. ಈ ಹೊತ್ತಿನಲ್ಲಿ ಅದನ್ನು ಹೇಳುವುದು ಉಚಿತವೆನಿಸಲಿಲ್ಲ.)

ನಾನು: ಎಲ್ಲರೂ ಎಳೆಯುವುದಿಲ್ಲ. ಕೆಲವರು ಹಗ್ಗವನ್ನೇ ಬಿಚ್ಚಿ ಸನ್ಮಾನದ ಶಾಲಿನ ಹಾಗೆ ತಮ್ಮ ಕೊರಳಿಗೆ ಹಾಕಿಕೊಂಡಿರುತ್ತಾರೆ. ನಾಯಿ ಯಾರದೋ ಅಜ್ಜಿಯ ಸೀರೆ ಸೆರಗಿನ ಹತ್ತಿರ ಇರುತ್ತದೆ. ‘ಹೆದರಬೇಡಿ ಆಂಟಿ, ನಮ್ಮದು ಏನೂ ಮಾಡಲ್ಲ’ ಅಂತ ಇವರು ದೂರದಿಂದಲೇ ಕೂಗುತ್ತಾರೆ.

ಕಾಳಿ: ನಾನೂ ಏನೂ ಮಾಡ್ತಿರ್ನಿಲ್ಲ. ಬೆಳತೂರಿನ ಪಡುವಣ ದಿಬ್ಬದಲ್ಲಿ ಮಣಲೇರ ಅಗ್ಗ ಬುಡೋಗಂಟ ಬಲು ಸಾಧು. ಬುಟ್ಟ ಮ್ಯಾಲೆ ಪಂದಿನೂ ನಾನೂ ಒಟ್ಟಿಗೇ ಸತ್ವು. ‘ನಮ್ದು ಏನೂ ಮಾಡಾಕಿಲ್ಲ’ ಅನ್ನೋರು ಒಂದ್ಸಲ ಬಂದು ಈ ಪಂದೀನ ಮಾತಾಡಿಸ್ಲಿ, ಪಕ್ಕದಲ್ಲೇ ಅದೆ.

ನಾನು: ಇದೇ ಕಾರಣಕ್ಕೆ 2022ರ ಜೂನ್‌ನಲ್ಲಿ ದೊಡ್ಡ ಗಲಾಟೆಯಾಯಿತು. ಹಗ್ಗ ಕಟ್ಟುವುದಿಲ್ಲ, ಹೇಲು ಎತ್ತುವುದಿಲ್ಲ ಎಂದು ನಡೆಯಲು ಬರುವವರು ದೂರು ಕೊಟ್ಟರು. ಜುಲೈ 1ರಿಂದ ಸಾಕುನಾಯಿಗಳಿಗೆ ಪಾರ್ಕಿನಲ್ಲಿ ಪ್ರವೇಶವಿಲ್ಲ ಎಂದು ತೋಟಗಾರಿಕೆ ಇಲಾಖೆ ಹೊರಟಿತು. ತಮಾಷೆಯೆಂದರೆ ಅದೇ ಜೂನ್‌ನಲ್ಲಿ ‘777 ಚಾರ್ಲಿ’ ತೆರೆ ಕಂಡಿತ್ತು. ಒಂದು ನಾಯಿಯ ಕಥೆ ನೋಡಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರೇ ಕಣ್ಣೀರು ಹಾಕಿದ್ದರು.

ಕಾಳಿ: ಅತ್ತೋರು ಬೇರೆ, ಬೋರ್ಡು ಬರೆಯೋರು ಬೇರೆ. ನಮ್ ಕಾಲದಲ್ಲೂ ಅಂಗೇ. ಆಮ್ಯಾಕೆ ಏನಾಯ್ತು?

ನಾನು: ನಾಯಿಗಳ ಕಡೆಯವರು ಪ್ರತಿಭಟಿಸಿದರು, ಆದೇಶಕ್ಕೆ ತಡೆ ಬಿತ್ತು. 2018ರಲ್ಲಿ ಪಾಲಿಕೆ ಫ್ಲಾಟಿಗೆ ಒಂದೇ ನಾಯಿ ಎಂದು ನಿಯಮ ತಂದು ಅದನ್ನೂ ಹಿಂದಕ್ಕೆ ಪಡೆದಿತ್ತು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎನ್ನುವ ಹಾಗೆ...

ಕಾಳಿ: ಏಯ್! ಇಲಾಖೆ ಇಲಾಖೆಗೆ ಯೋಳೋದನ್ನ ನಮ್ ತಲೆ ಮ್ಯಾಲೆ ಕಟ್ಟಬ್ಯಾಡ. ನಮ್ ಬಾಲ ಯೋಳಿದ್ ತಕ್ಷಣ ಕೆಲಸ ಮಾಡ್ತದೆ.

ನಾನು: ತಪ್ಪಾಯಿತು. ಲಾಲ್‌ಬಾಗ್‌ನಲ್ಲಂತೂ ನಾಯಿಗಳಿಗೆ ಪ್ರವೇಶವೇ ಇಲ್ಲ.

ಕಾಳಿ: ಅದೇನು ಒಸದಾ? ಸ್ವರ್ಗದ ಬಾಗಿಲಲ್ಲೇ ಆ ಬೋರ್ಡು ಇತ್ತಲ್ಲ. ಇಂದ್ರ ರಥ ತಂದು ನಿಲ್ಲಿಸಿ, ‘ನೀನು ಅತ್ತು, ನಾಯೀನ ಬುಡು’ ಅಂದ. ಧರ್ಮರಾಯ ಏನಂದ? ನಾಯಿ ಬರದಿದ್ರೆ ನಾನೂ ಒಲ್ಲೆ ಅಂದ. ನಿಮ್ಮೋರು? ನಾಯೀನ ಕಾರಲ್ಲಿ ಕೂಡಾಕಿ, ಗಾಜು ಎರಡು ಬೆಟ್ಟು ಇಳಿಸಿ, ‘ಐದೇ ನಿಮಿಷ ಚಿನ್ನಾ’ ಅಂತ ಯೋಳಿ ಒಳಿಕ್ಕೆ ಫಲಪುಷ್ಪ ನೋಡಕ್ಕೆ ಓಯ್ತಾರೆ.

ನಾನು: ಹೇಲಿನ ವಿಷಯಕ್ಕೆ ಬರೋಣ. ಚೀಲ ತರುವವರಿದ್ದಾರೆ. ಚೀಲ ತಂದು ಹಿಡಿಕೆಗೆ ಸಿಕ್ಕಿಸಿಕೊಂಡು, ಅದನ್ನು ಒಡವೆಯ ಹಾಗೆ ತೊಟ್ಟು, ಬಳಸದೆ ಹೋಗುವವರೂ ಇದ್ದಾರೆ. ನಾಯಿ ಕೂತ ತಕ್ಷಣ ಮೊಬೈಲಿನಲ್ಲಿ ಬಹಳ ಮುಖ್ಯವಾದದ್ದೇನೋ ಬಂದುಬಿಡುತ್ತದೆ. ಬೋರ್ಡು ಹಾಕಿದರೂ ಆಗಲಿಲ್ಲ, ದಂಡ ಎಂದರೂ ಆಗಲಿಲ್ಲ.

ಕಾಳಿ: ಬೋರ್ಡಲ್ಲಿ ಏನಂತ ಬರ್ದವ್ರೆ?

ನಾನು: ‘ದಯವಿಟ್ಟು ಸ್ವಚ್ಛತೆ ಕಾಪಾಡಿ.’

ಕಾಳಿ: ದಯವಿಟ್ಟಾ! ಬರೆಯಕ್ಕೇ ಬರಾಕಿಲ್ಲ ನಿಮಗೆ. ನನ್ ಕಲ್ಲು ನೋಡು. ಚಲ್ಲೇಶ್ವರನ ಗುಡಿ ಮುಂದೆ ಇದನ್ನ ನಿಲ್ಲಿಸಿ, ಪೂಜೆಗೆ ಅಂತ ಭೂಮಿ ಬುಟ್ಟು, ಕೊನೇಲಿ ಒಂದು ಮಾತು ಕೆತ್ತಿಸಿದ್ರು: ಈ ಕಲ್ಲನ್ನ ಪೂಜೆ ಮಾಡದೆ ಉಣ್ಣೋ ಗೊರವನಿಗೆ ಈ ನಾಯಿ ಮಾಡಿದ ಪಾಪ ಸುತ್ತಿಕೊಳ್ಳಲಿ ಅಂತ. ನಾನೇನ್ ಪಾಪ ಮಾಡಿದ್ನೋ ಕಾಣೆ, ಅದು ಬೇರೆ ಮಾತು. ಆದ್ರೆ ಗೊರವ ಒಂದ್ ದಿನ ತಪ್ಪಿಸ್ತಿರ್ನಿಲ್ಲ. ಪಾರ್ಕಿನ ಗೇಟಲ್ಲಿ ಕಲ್ಲು ನಿಲ್ಲಿಸಿ ಇಂಗೆ ಕೆತ್ತಿಸ್ಲಿ: ‘ಎತ್ತದೆ ಓಗಿ ಬೆಣ್ಣೆ ದೋಸೆ ತಿನ್ನೋನಿಗೆ ಅವನ ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ.’ ಒಂದು ವಾರ ಸಾಕು.

(ಪಾಪದ ಪಟ್ಟಿಯಲ್ಲಿ ಸೋಫಾ ಎಷ್ಟು, ಚಪ್ಪಲಿ ಎಷ್ಟು, ಅಪಾರ್ಟ್‌ಮೆಂಟಿನ ಲಿಫ್ಟು ಎಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೆಲವು ಮನೆತನಗಳೇ ಮುಳುಗಿಹೋಗುತ್ತವೆ.)

ನಾನು: ಪಾರ್ಕಿನ ಬಗ್ಗೆ ತಮಗೇನನಿಸುತ್ತದೆ? 1870ರಲ್ಲಿ ಸ್ಯಾಂಕಿ ಮಾಡಿಸಿದ್ದು. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಅಧಿಕೃತವಾಗಿ ಹೆಸರಿಟ್ಟರೂ ಯಾರೂ ಹಾಗೆ ಕರೆಯುವುದಿಲ್ಲ.

ಕಾಳಿ: ಮನೇಲಿ ಎಲ್ರೂ ಕನ್ನಡ ಮಾತಾಡಿ ನಾಯಿಗೆ ಮಾತ್ರ ‘ಸಿಟ್’, ‘ಸ್ಟೇ’, ‘ನೋ ಬ್ರೂನೋ’ ಅನ್ನೋರು, ಪಾರ್ಕಿಗೆ ಕನ್ನಡದ ಎಸರು ಇಟ್ರೆ ಕರೆದಾರಾ? ನಾನು ನೋಡು, ಸಾವಿರ ವರ್ಷದಿಂದ ಕನ್ನಡದಲ್ಲೇ ನಿಂತಿವ್ನಿ.

ನಾನು: ಆಗಿನ ಕಾಲಕ್ಕೂ ಈಗಿನ ಕಾಲಕ್ಕೂ ಬದಲಾಗದೆ ಉಳಿದದ್ದು ಏನಾದರೂ ಇದೆಯೆ?

ಕಾಳಿ: ಉಣ್ಣಿ.

ನಾನು: ಈಗ ಅದಕ್ಕೆ ಮಾತ್ರೆ, ಕೊರಳಪಟ್ಟಿ ಎಲ್ಲ ಬಂದಿವೆ. ಉಣ್ಣಿ ಕಚ್ಚಿದರೆ ಬರುವ ಜ್ವರಕ್ಕೆ ನಾಯಿ ಸತ್ತೇಹೋಗಬಹುದು ಅಂತ ಡಾಕ್ಟರು ಹೇಳುತ್ತಾರೆ. ಲಸಿಕೆ ಪೂರ್ತಿಯಾಗುವ ತನಕ ಮರಿಗಳನ್ನು ಪಾರ್ಕಿಗೆ ತರಲೇಬೇಡಿ ಅಂತಲೂ.

ಕಾಳಿ: ಒಳ್ಳೇದು. ನಂಗೆ ಮಣಲೇರನೇ ಕೈಯಾರೆ ಕೀಳ್ತಿದ್ದ. ತಕ್ಕೋಲದಲ್ಲಿ ಕತ್ತಿ ಇಡಿದ ಕೈ, ಕಿವಿ ಸಂದೀಲಿ ಉಣ್ಣಿ ಉಡುಕ್ತಿತ್ತು. ಅರಸ ಏನ್ ಬೇಕೋ ಕೇಳ್ಕೊ ಅಂದದ್ದು ಆ ಕೈಗೆ. (ಸ್ವಲ್ಪ ತಡೆದು) ನಾನು ಪಂದಿ ಮ್ಯಾಲೆ ಬಿದ್ದದ್ದೂ ಅವನು ಅಲ್ಲೇ ನಿಂತವ್ನೆ ಅಂತ. ಇವರ ನಾಯಿ ಚೆಂಡು ತಕಂಡು ಓಡಿ ಬಂದು ನೋಡಿದ್ರೆ ಇವರು ಫೋನಲ್ಲಿ ಇರ್ತಾರೆ.

ಇದಕ್ಕೆ ನನ್ನ ಬಳಿ ಮುಂದಿನ ಪ್ರಶ್ನೆ ಇರಲಿಲ್ಲ. ಕಾಳಿಯೇ ಮೂಗರಳಿಸಿತು.

ಕಾಳಿ: ಅದಿರ್ಲಿ, ನಿನ್ ಪ್ಯಾಂಟಿಗೆ ಯಾವನೋ ಒರಸವ್ನೆ. ಯಾರು?

ನಾನು: ಗೇಟಿನ ಹತ್ತಿರ ಒಂದು ಬೀದಿ ನಾಯಿ ಇದೆ. ಕಂದು ಬಣ್ಣ. ಬರುವಾಗ ಬಿಸ್ಕತ್ತು ಕೊಟ್ಟೆ.

ಕಾಳಿ: ಎಸರು?

ನಾನು: ಗೊತ್ತಿಲ್ಲ. ಒಂದು ಕಿವಿಯ ತುದಿ ಕತ್ತರಿಸಿದೆ.

ಕಾಳಿ: (ಎದ್ದು ನಿಂತು) ಯಾವ ಪಂದಿ?

ನಾನು: ಪಂದಿಯಲ್ಲ, ಪಾಲಿಕೆ. ಮರಿಯಾಗದಂತೆ ಆಪರೇಷನ್ ಆಗಿದೆ ಎನ್ನುವುದಕ್ಕೆ ಗುರುತು. ಅದಕ್ಕೆ ಪಾರ್ಕಿಗೆ ಯಾರೂ ಕರೆದುಕೊಂಡು ಬರಬೇಕಿಲ್ಲ. ಅಲ್ಲೇ ಹುಟ್ಟಿದ್ದು. ಕೊರಳಪಟ್ಟಿ ಇರುವವು ಬಂದಾಗ ದೂರ ಹೋಗಿ ಕೂರುತ್ತದೆ, ಅವು ಹೋದ ಮೇಲೆ ಬಂದು ಚಾಪೆಯ ಜಾಗದಲ್ಲಿ ಕೇಕಿನ ಚೂರು ಹುಡುಕುತ್ತದೆ.

ಕಾಳಿ: ಅದುಕ್ಕೆ ಬಿಸ್ಕತ್ತು ಕೊಡಬ್ಯಾಡ, ಅನ್ನ ಕೊಡು. ಮತ್ತೆ ಒಂಟೋಗೋವಾಗ ಒಸಿ ನಿಂತ್ಕೊ. ಅವಸರ ಮಾಡಬ್ಯಾಡ.

ಹನ್ನೊಂದೂವರೆಗೆ ಹೊರಗೆ ಬಂದೆ. ಪಾರ್ಕಿನ ಕಡೆಯಿಂದ ಯಾರೋ ‘ಬ್ರೂನೋ! ನೋ!’ ಎಂದು ಕೂಗುತ್ತಿದ್ದರು. ಗೇಟಿನಲ್ಲಿ ಕಂದು ನಾಯಿ ಎದ್ದು ಬಂದು ನನ್ನ ಪ್ಯಾಂಟಿಗೆ ಮೂಗಿಟ್ಟಿತು. ಮೊಣಕಾಲಿನಿಂದ ಶುರುಮಾಡಿ ಮಡಿಕೆಯವರೆಗೆ, ಮತ್ತೆ ಮೇಲಕ್ಕೆ. ಒಂದು ಆಟೋ ನಿಂತು ‘ಎಲ್ಲಿಗೆ ಸಾರ್’ ಎಂದು ಕೇಳಿ ಹೊರಟುಹೋಯಿತು. ನಾನು ಕಾಲು ಕದಲಿಸಲಿಲ್ಲ. ಎಲ್ಲ ಓದಿ ಮುಗಿಸಿದ ಮೇಲೆ ಅದು ಗೇಟಿನ ಕಂಬದ ಹತ್ತಿರ ಹೋಗಿ, ಕಾಲೆತ್ತಿ, ತನ್ನ ವರದಿ ಬರೆಯಿತು. ನನ್ನದು ಇದು.