ಕೂರದ ಯಜಮಾನರು

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಬರುವ ಯಜಮಾನರೊಬ್ಬರು ಇದ್ದೇ ಇರುತ್ತಾರೆ. "ಕುಂತ್ಕಳ್ರಿ ಯಜಮಾನ್ರೇ" ಅಂದರೆ, "ಇರ್ಲಿ ಬಿಡಪ್ಪಾ, ಹೆಣ್ಮಕ್ಳು ಕುಂದರ್ಲಿ" ಎನ್ನುತ್ತಾರೆ. 2023ರಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಶಕ್ತಿ ಯೋಜನೆ ಬಂದ ಮೇಲಂತೂ ಈ ನೆಪಕ್ಕೆ ಬರವೇ ಇಲ್ಲ. ಹರಿಹರೇಶ್ವರನ ಗುಡಿಯಲ್ಲಿ ದರ್ಶನ ಮುಗಿಸಿ ಎಲ್ಲರೂ ಒಂದು ಗಳಿಗೆ ಕೂತರೆ ಇವರು ಇನ್ನೊಂದು ಪ್ರದಕ್ಷಿಣೆ ಹಾಕುತ್ತಾರೆ. ಜನ ಭಕ್ತಿ ಅಂದುಕೊಂಡಿದ್ದಾರೆ. ನಿಜ ಗೊತ್ತಿರುವುದು ಪಾಯಖಾನೆಯ ಬಾಗಿಲಿಗೆ ಮಾತ್ರ.

ತೀರಾ ಒತ್ತಾಯಿಸಿದರೆ, "ಸ್ವಲ್ಪ ಉಷ್ಣ ಆಗೇತಿ." ಉಷ್ಣಕ್ಕೆ ಬೆಳಗ್ಗೆ ಎಳನೀರು, ಮಧ್ಯಾಹ್ನ ಮಜ್ಜಿಗೆ. ಅವೆರಡರ ಪುಣ್ಯವನ್ನು ಸಂಜೆ ಮಂಡಕ್ಕಿ ಜತೆ ನಾಲ್ಕು ಮೆಣಸಿನಕಾಯಿ ಬಜ್ಜಿ ತಿಂದು ಕಳೆಯುತ್ತಾರೆ. ಗೋಡೆಯ ಮೇಲಿನ 'ಮೂಲವ್ಯಾಧಿ, ಫಿಶರ್, ಭಗಂದರ' ಜಾಹೀರಾತಿನ ನಂಬರನ್ನು, ಫೋನಿನಲ್ಲಿ ಟೈಮು ನೋಡುವವರಂತೆ ನಟಿಸಿ ಒತ್ತಿಕೊಂಡಿರುತ್ತಾರೆ.

ದಾವಣಗೆರೆ 1965ರಿಂದ ಮೆಡಿಕಲ್ ಕಾಲೇಜು ಇರುವ ಊರು, ಡಾಕ್ಟರಿಗೇನು ಕಮ್ಮಿ? ಆದರೆ ಎಲ್ಲರೂ ಗುರುತಿನವರು! ಯಜಮಾನರು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಅಲ್ಲಿನ ಕ್ಲಿನಿಕ್ಕಿನಲ್ಲಿ ಮೊದಲೇ ಬಂದು ಗೋಡೆಗೊರಗಿ ನಿಂತವರು ಸ್ವಂತ ಬೀಗರು.

"ಬಿಪಿ ತೋರಿಸ್ಬೇಕಿತ್ತು" ಎಂದು ಇವರು.

"ನಂದೂ ಬಿಪಿನೇ" ಎಂದು ಅವರು.

ತಲೆಯ ಮೇಲಿನ 'ಗುದರೋಗ ತಜ್ಞರು' ಬೋರ್ಡನ್ನು ಇಬ್ಬರೂ ಓದುವುದಿಲ್ಲ.

ಡಾಕ್ಟರು ನೋಡಿ ಹೇಳುತ್ತಾರೆ: "ಇದು ಪೈಲ್ಸ್ ಅಲ್ಲ, ಗುದದ್ವಾರದ ಒಳಪದರ ಸೀಳಿದೆ. ಮಲ ಗಟ್ಟಿಯಾಗಿ ಸೀಳಿತು, ನೋವಿಗೆ ಸ್ನಾಯು ಬಿಗಿಯಿತು. ಬಿಗಿದಲ್ಲಿಗೆ ರಕ್ತ ಸರಿಯಾಗಿ ಹೋಗಲ್ಲ, ಗಾಯ ಮಾಯಲ್ಲ. ನೀವು ಹೆದರಿ ಮುಂದೂಡ್ತೀರಿ, ಅದು ಇನ್ನೂ ಗಟ್ಟಿಯಾಗುತ್ತೆ."

ಮದ್ದು ಸರಳ: ಸಾಕಷ್ಟು ನೀರು, ಸೊಪ್ಪು, ಹಣ್ಣು, ಕಾಳು, ಇಸಬ್‌ಗೋಲ್, ಬೇಸಿನ್ನಿನ ಬೆಚ್ಚಗಿನ ನೀರಿನಲ್ಲಿ 10–15 ನಿಮಿಷ ಕೂರುವುದು, ಸ್ನಾಯು ಸಡಿಲಿಸುವ ಮುಲಾಮು. ಹೊಸ ಗಾಯ ಬಹುಪಾಲು 6–8 ವಾರದೊಳಗೆ ಮಾಯುತ್ತದೆ. ಹಟ ಹಿಡಿದ ಹಳೆಯ ಗಾಯಕ್ಕೆ ಒಳಸ್ನಾಯುವನ್ನು ತುಸು ಕತ್ತರಿಸುವ ಸಣ್ಣ ಆಪರೇಷನ್ ಉಂಟು. ರಕ್ತ ಕಂಡರೆ ಮಾತ್ರ ಮನೆಯಲ್ಲೇ ಹೆಸರಿಟ್ಟುಕೊಂಡು ಕೂರದೆ ತೋರಿಸಲೇಬೇಕು.

ಯಜಮಾನರು ಎಲ್ಲಕ್ಕೂ ತಲೆಯಾಡಿಸುತ್ತಾರೆ. ಬೇಸಿನ್ನಿನ ಬಗ್ಗೆ ಮನೆಯಾಕೆ ಕೇಳಿದರೆ "ಕಾಲುನೋವು" ಎಂದೂ ಹೇಳುತ್ತಾರೆ. ಎಡವುವುದು ಒಂದೇ ಕಡೆ: "ಮಾಯುವ ತನಕ ಖಾರ ಬೇಡ." ಸಂಜೆ ಅಂಗಡಿಯಲ್ಲಿ ಮೆಲ್ಲಗೆ, "ಬರೀ ಮಂಡಕ್ಕಿ ಕೊಡಪ್ಪಾ" ಎಂದ ಕೂಡಲೇ ಬಾಣಲೆಯ ಮುಂದಿನವನು ಊರಿಗೇ ಕೇಳುವಂತೆ, "ಮೆಣಸಿನಕಾಯಿ ಬ್ಯಾಡ್ವಾ? ಯಾಕ್ರೀ ಯಜಮಾನ್ರೇ, ಏನಾತು?" ಎನ್ನುತ್ತಾನೆ. ನಿಂತವರೆಲ್ಲ ತಿರುಗಿ ನೋಡುತ್ತಾರೆ.

"ಏನಿಲ್ಲ, ಮರ್ತಿದ್ದೆ. ನಾಕು ಹಾಕು."