ಸಾಧನ-ಸುಷುಪ್ತಿ-ಮೀಮಾಂಸೆ: ತಿಳಕವಾಡಿಯಿಂದ ಕಣಕುಂಬಿಯವರೆಗೆ ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ಪ್ರಸ್ತುತ ಪ್ರಬಂಧವು ಜಡಯಂತ್ರಗಳ ನಿದ್ರಾಪ್ರವೃತ್ತಿಯನ್ನೂ, ಅವನ್ನು ಎಬ್ಬಿಸಲು ಡ್ರೈವರುಗಳು (ಬಸ್ಸಿನವರು ಕ್ಷಮಿಸಬೇಕು, ಇದು ತಂತ್ರಾಂಶದ ಜಾತಿ) ಹೂಡುವ ಉಪಾಯಗಳನ್ನೂ ಸಮಕಾಲೀನ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಯತ್ನವಾಗಿರುತ್ತದೆ. ಅಧ್ಯಯನ ಕ್ಷೇತ್ರದ ಎಲ್ಲೆಗಳು: ಉತ್ತರಕ್ಕೆ ಬೆಳಗಾವಿ ನಗರದ ತಿಳಕವಾಡಿ, ದಕ್ಷಿಣಕ್ಕೆ ಖಾನಾಪುರದ ಕಾಡು, ಪಶ್ಚಿಮಕ್ಕೆ ಮಲಪ್ರಭೆ ಹುಟ್ಟುವ ಕಣಕುಂಬಿ, ಪೂರ್ವಕ್ಕೆ ಸಂಶೋಧಕನ ಮನೆ. 1998ರಿಂದ ತಾಂತ್ರಿಕ ವಿಶ್ವವಿದ್ಯಾಲಯವೊಂದನ್ನೇ ಸಾಕಿಕೊಂಡಿರುವ ಊರಿಗೆ ಇದಕ್ಕಿಂತ ಹೆಚ್ಚಿನ ಕ್ಷೇತ್ರಸಮರ್ಥನೆ ಅನಗತ್ಯವೆಂಬುದನ್ನು ಇಲ್ಲಿ ಗಮನಿಸಬಹುದಾಗಿದೆ.

2. ಸಾಹಿತ್ಯ ಸಮೀಕ್ಷೆ

ಈ ಶಾಸ್ತ್ರದ ಮೂಲಗ್ರಂಥ ಎಸಿಪಿಐ ಎಂಬ ವಿದ್ಯುತ್-ನಿರ್ವಹಣಾ ಮಾನಕ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಎಂಬ ಮೂವರು ಋಷಿಗಳು 1996ರ ಡಿಸೆಂಬರಿನಲ್ಲಿ ಇದನ್ನು ದರ್ಶಿಸಿದರು. ಯಾವ ಭಾಗ ಯಾವಾಗ ಮಲಗಬೇಕೆಂಬ ಅಧಿಕಾರ ಅಲ್ಲಿಂದ ಮುಂದೆ, ಯಂತ್ರವನ್ನು ಶುರುಮಾಡಿಸುವ ಬಯೋಸ್‌ನ ಕೈತಪ್ಪಿ ಆಪರೇಟಿಂಗ್ ಸಿಸ್ಟಮ್‌ಗೆ ಬಂತು. ಬಯೋಸ್ ಮಾತ್ರ ಹಳೆಯ ಶಾನುಭೋಗನ ಗತ್ತು ಬಿಡದೆ, ಬಂದವರನ್ನೆಲ್ಲ ‘ನೀನು ಯಾರು?’ ಎಂದು ಕೇಳುತ್ತದೆ. ಲಿನಕ್ಸ್ ಇದಕ್ಕೆ ‘ನಾನು ವಿಂಡೋಸ್’ ಎಂದು ಉತ್ತರಿಸುತ್ತದೆ. ‘ನೀನು ಲಿನಕ್ಸೋ?’ ಎಂದು ನೇರವಾಗಿ ಕೇಳಿದರೆ ‘ಅಲ್ಲ’ ಎನ್ನುತ್ತದೆ. ತಯಾರಕರು ವಿಂಡೋಸ್ ನಡೆಯುವ ದಾರಿಯನ್ನಷ್ಟೇ ಪರೀಕ್ಷಿಸಿರುತ್ತಾರಾದ್ದರಿಂದ ನಿಜ ಹೇಳಿದವನು ಗುಂಡಿಗೆ ಬೀಳುತ್ತಾನೆ. ಯಾವ ಅಂಗಡಿಯಲ್ಲಿ ಯಾವ ಭಾಷೆಯಲ್ಲಿ ಚೌಕಾಸಿ ಮಾಡಬೇಕೆಂದು ಬಲ್ಲ ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

3. ಅವಸ್ಥಾಚತುಷ್ಟಯ

ಮಾಂಡೂಕ್ಯ ಉಪನಿಷತ್ತಿನಲ್ಲಿ ನಾಲ್ಕು ಅವಸ್ಥೆಗಳಿವೆ. ಕಂಪ್ಯೂಟರಿನೊಳಗಿನ ಪಿಸಿಐ ಸಾಧನಗಳಿಗೂ ನಾಲ್ಕೇ. ಇದನ್ನು ಕಾಕತಾಳೀಯವೆನ್ನುವವರು ವಿಚಾರಸಂಕಿರಣದ ಊಟಕ್ಕೆ ಅನರ್ಹರು.

3.1 ಡಿ0, ಅಂದರೆ ಜಾಗ್ರತ್. ಸಾಧನ ಎಚ್ಚರವಿದೆ. ಕೆಲಸ ಮಾಡುತ್ತಿದೆಯೆಂದು ಅರ್ಥವಲ್ಲ.

3.2 ಡಿ1, ಸ್ವಪ್ನ. ಐಚ್ಛಿಕ.

3.3 ಡಿ2, ಸುಷುಪ್ತಿ. ಇದೂ ಐಚ್ಛಿಕವಾದ್ದರಿಂದ ಬಹುತೇಕ ಯಾರೂ ಮಾಡುವುದಿಲ್ಲ. ನಮ್ಮ ಕಾಲೇಜುಗಳ ಐಚ್ಛಿಕ ಅಭ್ಯಾಸಗಳಂತೆ.

3.4 ಡಿ3, ತುರೀಯ. ಇದರಲ್ಲಿ ಎರಡು ಪ್ರಭೇದ: ಬಿಸಿ ಮತ್ತು ತಣ್ಣನೆ. ಬಿಸಿ ನಿದ್ರೆಯಲ್ಲಿ ಹೆಸರು ಕೇಳಿದರೆ ಹೇಳುತ್ತದೆ. ತಣ್ಣನೆಯದರಲ್ಲಿ ವಿದ್ಯುತ್ತೇ ಇರುವುದಿಲ್ಲ. ಆಗ ಏನನ್ನು ಓದಿದರೂ ಎಲ್ಲ ಬಿಟ್‌ಗಳೂ 1 ಎಂದೇ ಬರುತ್ತವೆ. ಇಲ್ಲದವನು ಎಲ್ಲದಕ್ಕೂ ಹೌದು ಎನ್ನುವುದು ಈ ಅವಸ್ಥೆಯ ಲಕ್ಷಣ. ಬಿಸಿ ನಿದ್ರೆಯಿಂದ ಏಳಲು ಶಾಸ್ತ್ರ ಕೊಟ್ಟ ಗಡುವು 10 ಮಿಲಿಸೆಕೆಂಡ್. ರೈಜೆನ್ ಯಂತ್ರಗಳ ಕೆಲವು ಯುಎಸ್‌ಬಿ ನಿಯಂತ್ರಕಗಳಿಗೆ ಅದು ಸಾಲದೆ, 20 ಕೊಡಿ ಎಂದು ಲಿನಕ್ಸ್‌ನಲ್ಲಿ ಪ್ರತ್ಯೇಕವಾಗಿ ಬರೆದಿಡಬೇಕಾಯಿತು. ದೀರ್ಘಾವಧಿಯ ನಿದರ್ಶನವೆಂದರೆ 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನ ಸಭಾಂಗಣ. ಚಳಿಗಾಲದಲ್ಲಿ ಕೆಲವು ದಿನ ಡಿ0, ಉಳಿದಂತೆ ಡಿ3. ಅದು ಬಿಸಿಯೋ ತಣ್ಣನೆಯೋ ಎಂಬುದು ವಿದ್ವಾಂಸರಲ್ಲಿ ವಿವಾದಗ್ರಸ್ತ.

3.5 ಇದಾದ ಮೇಲೆ ಇಡೀ ಯಂತ್ರದ ಎಸ್0ರಿಂದ ಎಸ್5ರವರೆಗಿನ ಅವಸ್ಥೆಗಳು ಬರಬೇಕು. ಬೇಡ. ಅವನ್ನು ಬರೆದರೆ ಓದುಗರೇ ಎಸ್3 ಎಂಬ ನಿದ್ರೆಗೆ ಹೋಗುತ್ತಾರೆ.

4. ಪೂರ್ವಪಕ್ಷ

‘ವಿದ್ಯುತ್ ಉಳಿತಾಯ ಒಳ್ಳೆಯದಲ್ಲವೇ?’ ಒಳ್ಳೆಯದೇ. ಹಸಿರು ಹೆಸರು ಹೊತ್ತು ಮಾರಾಟವಾದ ಹಾರ್ಡ್‌ಡಿಸ್ಕುಗಳು ಒಂದು ಕಾಲಕ್ಕಿದ್ದವು. ಎಂಟು ಸೆಕೆಂಡು ಕೆಲಸವಿಲ್ಲದಿದ್ದರೆ ಅವು ಓದುವ ತಲೆಯನ್ನು ಎತ್ತಿ ಬದಿಗಿಡುತ್ತಿದ್ದವು. ಅಷ್ಟರಲ್ಲಿ ಸಿಸ್ಟಮ್ ಏನೋ ಒಂದು ಸಾಲು ಬರೆಯಲು ಬರುತ್ತಿತ್ತು. ತಲೆ ಮತ್ತೆ ಇಳಿಯುತ್ತಿತ್ತು. ಈ ಏರಿಳಿತಕ್ಕೆ ತಯಾರಕರೇ ಹೇಳಿದ ಆಯುಷ್ಯ 3 ಲಕ್ಷ ಸಲ. 20 ಸೆಕೆಂಡಿಗೊಮ್ಮೆ ಎಂದು ಲೆಕ್ಕ ಹಾಕಿದರೆ ಸುಮಾರು 70 ದಿನಕ್ಕೆ ಮುಗಿಯಿತು. ಉಳಿದದ್ದು ಕರೆಂಟು, ಹೋದದ್ದು ಮಗುವಿನ ಜಾವಳದ ಫೋಟೋ.

5. ಸಿದ್ಧಾಂತ

ಚಿಪ್ ಕಂಪನಿಗಳು ದೋಷಪಟ್ಟಿ ಪ್ರಕಟಿಸುತ್ತವೆ. ಆ ಗದ್ಯದ ಗಾಂಭೀರ್ಯ ನೋಡಬೇಕು: ಕೆಲವು ಸಂಕೀರ್ಣ ಸಂದರ್ಭಗಳಲ್ಲಿ ಸಾಧನವು ಅನಿರೀಕ್ಷಿತವಾಗಿ ವರ್ತಿಸಬಹುದು, ಪರಿಹಾರ: ಗುರುತಿಸಿಲ್ಲ, ಸ್ಥಿತಿ: ಸರಿಪಡಿಸುವ ಯೋಜನೆಯಿಲ್ಲ. ನಮ್ಮ ವಿಚಾರಸಂಕಿರಣದ ಪಂಡಿತರೂ ಇಷ್ಟು ನಯವಾಗಿ ಕೈತೊಳೆದುಕೊಳ್ಳಲಾರರು. ಮಾರಿದವನು ಕೈತೊಳೆದ ನೀರು ಹರಿದು ಬರುವುದು ಡ್ರೈವರ್ ಬರೆಯುವವನ ಅಂಗಳಕ್ಕೆ. ಲಿನಕ್ಸ್‌ನ ಯುಎಸ್‌ಬಿ ಭಾಗದಲ್ಲಿ ಇದಕ್ಕೆಂದೇ ಒಂದು ಉದ್ದನೆಯ ಪಟ್ಟಿಯಿದೆ: ಇದು ಎದ್ದಾಗ ಮೊದಲಿಂದ ಶುರುಮಾಡಿಸಿ, ಅದನ್ನು ಅರೆನಿದ್ರೆಗೆ ಕಳಿಸಬೇಡಿ. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ರಾತ್ರಿಯೆಲ್ಲ ತಲೆ ಕೆರೆದುಕೊಂಡವನೊಬ್ಬನಿದ್ದಾನೆ.

ಅವನ ಪಾಡು ಹಾಗಿರಲಿ. ಅವನಿಗೆ ಕುರ್ಚಿಯಾದರೂ ಇದೆ.

ಖಾನಾಪುರ ತಾಲ್ಲೂಕಿನ ಒಂದು ನ್ಯಾಯಬೆಲೆ ಅಂಗಡಿ. ಜುಲೈ ತಿಂಗಳು, ಹೊರಗೆ ಘಟ್ಟದ ಮಳೆ. ಲ್ಯಾಪ್‌ಟಾಪಿಗೆ ಚುಚ್ಚಿದ ಬೆರಳಗುರುತು ಯಂತ್ರದ ಕೆಂಪು ದೀಪ ಆರಿದೆ. ಕರೆಂಟಿದೆ, ನೆಟ್‌ವರ್ಕ್ ಇದೆ, ಅಕ್ಕಿಯೂ ಇದೆ. ಪಾಳಿಯಲ್ಲಿ ಒಂದೆರಡು ನಿಮಿಷ ಯಾರೂ ಹೆಬ್ಬೆಟ್ಟು ಇಡದ್ದರಿಂದ ವಿಂಡೋಸ್ ಆ ಯಂತ್ರವನ್ನು ಮಲಗಿಸಿತು. ಯಂತ್ರಕ್ಕೆ ಮಲಗಲು ಕಲಿಸಿದವರು ಏಳಲು ಸರಿಯಾಗಿ ಕಲಿಸಿಲ್ಲ.

‘ಆಯಿ, ಸರ್ವರ್ ಇಲ್ರಿ. ನಾಳಿ ಬರ್ರಿ.’

‘ನಿನ್ನೀನೂ ಇದನ್ನ ಹೇಳಿದ್ದೆಲ್ಲೋ ತಮ್ಮಾ.’

ಸರ್ವರ್ ಇತ್ತು. ಬೆಂಗಳೂರಿನಲ್ಲೆಲ್ಲೋ ನೆಟ್ಟಗೆ ನಡೆಯುತ್ತಿತ್ತು. ಕೆಟ್ಟದ್ದೆಲ್ಲಕ್ಕೂ ಸರ್ವರ್ ಎಂಬ ಒಂದೇ ಹೆಸರಿರುವುದರಿಂದ ಯಾರೂ ಆ ಯುಎಸ್‌ಬಿ ತಂತಿಯ ಕಡೆ ನೋಡಲಿಲ್ಲ. ಕೊಡೆ ಬಿಚ್ಚಿಕೊಂಡು ಬರಿಗೈಯಲ್ಲಿ ಹೊರಟ ಮುದುಕಿ ‘ನನ್ನ ಹೆಬ್ಬೆಟ್ಟ ಸವದಾವೋ ಏನೋ’ ಎಂದು ತನ್ನ ಬೆರಳನ್ನೇ ಬೈದುಕೊಂಡಳು. ಇದಕ್ಕೆ ಯಾವ ದೋಷಪಟ್ಟಿಯಲ್ಲೂ ಸಾಲಿಲ್ಲ.

ಅವಳನ್ನು ಬರಿಗೈಯಲ್ಲಿ ಕಳಿಸಿ ಉಳಿಸಿದ ಕರೆಂಟೆಷ್ಟು? ಯುಎಸ್‌ಬಿ 2.0ರ ಒಂದು ಪೋರ್ಟ್ ಹೆಚ್ಚೆಂದರೆ 500 ಮಿಲಿಆಂಪಿಯರ್ ಕೊಡುತ್ತದೆ, ಅಂದರೆ ಎರಡೂವರೆ ವ್ಯಾಟ್. ದಿನಕ್ಕೆ ಎಂಟು ಗಂಟೆ ಯಂತ್ರ ಪೂರ್ತಿ ಎಚ್ಚರವಿದ್ದರೂ ಒಂದು ಯೂನಿಟ್ ಮುಗಿಯಲು 50 ದಿನ ಬೇಕು. ಅಂಗಡಿಯವನ ತಲೆಯ ಮೇಲಿನ ಹಳೇ ಫ್ಯಾನ್ ಎರಡೇ ದಿನದಲ್ಲಿ ಅಷ್ಟು ಕುಡಿಯುತ್ತದೆ. ಫ್ಯಾನನ್ನು ಯಾರೂ ಮಲಗಿಸಲಿಲ್ಲ.

6. ಮುಂದಿನ ಅಧ್ಯಯನದ ಸಾಧ್ಯತೆಗಳು

ಸಾಧ್ಯತೆಗಳು ಹಾಳಾಗಲಿ. ಅಂಗಡಿಯವರೇ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಯುಎಸ್‌ಬಿ ರೂಟ್ ಹಬ್ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಎಂಬ ಹಾಳೆಗೆ ಹೋಗಿ. ಕರೆಂಟು ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಸಾಲಿನ ಮುಂದಿರುವ ಟಿಕ್ ತೆಗೆಯಿರಿ. ಒಂದಕ್ಕಿಂತ ಹೆಚ್ಚು ಹಬ್ ಇದ್ದರೆ ಎಲ್ಲದಕ್ಕೂ ಹೀಗೇ ಮಾಡಿ. ಬೆರಳಗುರುತು ಯಂತ್ರದ ಹೆಸರಿನಡಿ ಆ ಹಾಳೆ ಕಂಡರೆ ಅಲ್ಲಿಯೂ ತೆಗೆಯಿರಿ. ಆಮೇಲೆ ತಂತಿಯನ್ನು ಬೇರೆ ಪೋರ್ಟಿಗೆ ಚುಚ್ಚಬೇಡಿ. ಸೀರಿಯಲ್ ನಂಬರ್ ಇಲ್ಲದ ಯಂತ್ರವನ್ನು ವಿಂಡೋಸ್ ಹೊಸದೆಂದೇ ತಿಳಿಯುತ್ತದೆ, ಟಿಕ್ ಮತ್ತೆ ಬಂದು ಕೂತಿರುತ್ತದೆ.