ಹತ್ತು ಹಾಸಿಗೆ ಸಾಕು ಎಂದವರಿಗೆ

ಮಾನ್ಯ ಆರೋಗ್ಯ ಯೋಜನಾಧಿಕಾರಿಗಳೇ,

ಮೊದಲು ಅಭಿನಂದನೆ ಸ್ವೀಕರಿಸಿ. 2010ರಲ್ಲಿ ಶುರುವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಪ್ರತಿ ಜಿಲ್ಲಾಸ್ಪತ್ರೆಗೂ 10 ಹಾಸಿಗೆಯ ವಾರ್ಡು ಎಂದು ಗೊತ್ತುಮಾಡಿತು. 2011ರ ಜನಗಣತಿಯಲ್ಲಿ ಕೊಡಗಿನ ಜನ ಐದೂವರೆ ಲಕ್ಷ, ಬೆಳಗಾವಿಯವರು 47 ಲಕ್ಷಕ್ಕೂ ಹೆಚ್ಚು. ಅಲ್ಲಿಗೂ ಹತ್ತು, ಇಲ್ಲಿಗೂ ಹತ್ತು! ಪಂಕ್ತಿಭೇದವಿಲ್ಲದೆ ಹೀಗೆ ಬಡಿಸುವುದು ಮಠಗಳಲ್ಲೂ ಅಪರೂಪ.

2011ರಲ್ಲಿ 50 ತುಂಬಿದ್ದ ನನ್ನಂಥವರು 2021ಕ್ಕೆ ಹಿರಿಯ ನಾಗರಿಕರಾದೆವು. ಆ ವರ್ಷದ ಜನಗಣತಿ ಮುಂದಕ್ಕೆ ಹೋದದ್ದರಿಂದ ನಿಮ್ಮ ಕಡತದಲ್ಲಿ ನಾವಿನ್ನೂ ಗಟ್ಟಿಮುಟ್ಟು. ನೆನೆದರೇ ಮಂಡಿನೋವು ಅರ್ಧ ವಾಸಿ.

ಕಾನೂನೂ ನಮ್ಮ ಪರವಾಗಿದೆ. ಸರ್ಕಾರಿ ಆಸ್ಪತ್ರೆಗಳು ಹಿರಿಯರಿಗೆಲ್ಲ ಸಾಧ್ಯವಾದ ಮಟ್ಟಿಗೆ ಹಾಸಿಗೆ ಕೊಡಬೇಕು ಅನ್ನುತ್ತದೆ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಬಂದ 2007ರ ಕಾಯ್ದೆಯ 20ನೇ ಕಲಮು. ಆ ಮಟ್ಟ ಎಲ್ಲಿದೆ ಎಂದು ಒಂದು ವಾರ್ಡಿನಲ್ಲಿ ಕಂಡೆ: ಎರಡು ಮಂಚಗಳ ನಡುವಿನ ನೆಲದಲ್ಲಿ. ತೊಡೆಮೂಳೆ ಮುರಿದ ಅಜ್ಜಿ ಚಾಪೆಯ ಮೇಲೆ, ಗ್ಲೂಕೋಸ್ ಬಾಟಲಿ ಕಿಟಕಿಯ ಸರಳಿಗೆ, ಮೂತ್ರದ ಚೀಲ ಪಕ್ಕದ ಮಂಚದ ಕಂಬಿಗೆ. ಆ ಮಂಚ ಅಲುಗಿದಾಗಲೆಲ್ಲ ಅಜ್ಜಿ ನರಳುತ್ತಿದ್ದರು.

ಮಂಚದ ಮೇಲಿದ್ದ ಡೆಂಗಿ ಜ್ವರದ ಹುಡುಗ ವಾರದೊಳಗೆ ಎದ್ದು ಮನೆಗೆ ಹೋದಾನು. ಅಜ್ಜಿಗೆ ಸಕ್ಕರೆ, ಬಿಪಿ ಹತೋಟಿಗೆ ಬರದೆ ಆಪರೇಷನ್ ಇಲ್ಲ. ಆದ ಮೇಲೂ ಕೈಹಿಡಿದು ನಡೆಸುವವರು ಬೇಕು, ಬೆನ್ನು ಹುಣ್ಣಾಗದಂತೆ ಮಗ್ಗುಲು ಹೊರಳಿಸುವವರು ಬೇಕು. ಡಿಸ್ಚಾರ್ಜ್ ಬರೆದುಕೊಟ್ಟರೆ ಹೋಗುವುದೆಲ್ಲಿಗೆ? ಮಗ ಬೆಂಗಳೂರಿನಲ್ಲಿ, ಸೊಸೆಗೆ ರಜೆಯಿಲ್ಲ, ಊರಮನೆಗೆ ಬೀಗ. ನಿಮ್ಮ ಲೆಕ್ಕದಲ್ಲಿ ಮಾತ್ರ ಹುಡುಗನೂ ಒಂದು ಹಾಸಿಗೆ, ಅಜ್ಜಿಯೂ ಒಂದು ಹಾಸಿಗೆ.

ಹಾಂ, 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ತುಂಬಿದವರಿಗೆಲ್ಲ ಆಯುಷ್ಮಾನ್ ವಿಮೆಗೆ ಚಾಲನೆ ಕೊಟ್ಟಿತು, ವರ್ಷಕ್ಕೆ 5 ಲಕ್ಷದವರೆಗೆ. ಕಾರ್ಡು ಅಂದವಾಗಿದೆ. ಹಾಸಿಕೊಂಡು ಮಲಗಲು ಅಳತೆ ಸಾಲದು, ಅಷ್ಟೇ.

ಇನ್ನು ನನ್ನ ಕೋರಿಕೆ. ಮುಂದಿನ ಬಜೆಟ್ಟಿಗೆ ಮೊದಲು, 60 ದಾಟಿದವರು ಎಷ್ಟಿದ್ದಾರೆಂದು ಜಿಲ್ಲೆವಾರು ಅಂದಾಜು ಮಾಡಿ, ಅದಕ್ಕೆ ತಕ್ಕಷ್ಟು ಹಾಸಿಗೆ ಕೊಡಿ. ಆಪರೇಷನ್ ಆದವರು ನಡೆಯಲು ಕಲಿಯುವ ತನಕ ಉಳಿಯುವುದಕ್ಕೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಜಾಗ ಮಾಡಿ, ಜೊತೆಗೆ ಫಿಸಿಯೋಥೆರಪಿಸ್ಟರನ್ನೂ ನೇಮಿಸಿ. ಮಂಚದ ಎತ್ತರವನ್ನೂ ತುಸು ತಗ್ಗಿಸಿ. ಸ್ಟೂಲು ಹತ್ತಿ ಮಲಗಲು ಹೋಗಿ ಇನ್ನೊಂದು ಮೂಳೆ ಮುರಿದುಕೊಂಡರೆ ಅದಕ್ಕೂ ಹಾಸಿಗೆ ನೀವೇ ಹುಡುಕಬೇಕು.

ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿ 60ಕ್ಕೆ. ಆ ಹತ್ತು ಹಾಸಿಗೆಯಲ್ಲಿ ನಿಮ್ಮ ಪಾಲೂ ಇದೆ.

ಇಂತಿ,
ಸರದಿಯಲ್ಲಿರುವ ಹಿರಿಯ ನಾಗರಿಕ